ಹಿಂದಿನ ಸಾಲಿನಲ್ಲಿ ಕೂತ ನರ್ಸಿಂಗ್ ಮಕ್ಕಳು ಬಾಯಿ ಬಿಡುವುದು ಯಾವಾಗ?

ಪ್ರಶ್ನೆ: ನಾನು ಹಾಸನದಲ್ಲಿ ನರ್ಸಿಂಗ್ ಉಪನ್ಯಾಸಕಿ. ಕಳೆದ ತಿಂಗಳು ನಾವು ಕೆಲವರು ಸೇರಿ ಎಂಬಿಬಿಎಸ್, ಬಿಎಸ್‌ಸಿ ನರ್ಸಿಂಗ್, ಫಾರ್ಮಸಿ, ಫಿಸಿಯೋಥೆರಪಿ ಮಕ್ಕಳಿಗೆ ಒಟ್ಟಿಗೇ ಒಂದು ದಿನದ ಕಾರ್ಯಾಗಾರ ಮಾಡಿದೆವು. ವಿಷಯ, ‘ತಂಡವಾಗಿ ರೋಗಿಯ ಆರೈಕೆ’. ಒಳ್ಳೆಯ ಭಾಷಣಗಳಾದವು. ಆದರೆ ನಮ್ಮ ನರ್ಸಿಂಗ್ ಮಕ್ಕಳು ಹಿಂದಿನ ಸಾಲಿನಲ್ಲಿ ಕೂತವರು ಸಂಜೆವರೆಗೂ ಬಾಯಿ ಬಿಡಲಿಲ್ಲ. ಫಾರ್ಮಸಿಯವರು ಊಟದ ನಂತರ ಕಾಣಲೇ ಇಲ್ಲ. ಪ್ರಶ್ನೆ ಕೇಳಿದ್ದು ಮುಂದಿನ ಸಾಲಿನ ನಾಲ್ಕೈದು ಎಂಬಿಬಿಎಸ್ ಮಕ್ಕಳು ಮಾತ್ರ. ಇದೆಲ್ಲ ವಿದೇಶಕ್ಕೆ ಸರಿ, ನಮ್ಮ ಕಡೆ ಆಗೋದಿಲ್ಲ ಅಂತ ಸಹೋದ್ಯೋಗಿಗಳು ಹೇಳುತ್ತಿದ್ದಾರೆ. ನಿಜವಾ? ನಾವು ಎಲ್ಲಿ ತಪ್ಪಿದೆವು?

ಉತ್ತರ:

ಮೇಡಂ, ನಿಮ್ಮ ಮಕ್ಕಳು ಮಾತು ಬರದೆ ಸುಮ್ಮನಿದ್ದದ್ದಲ್ಲ. ಅದೇ ಹುಡುಗಿಯರು ವಾರ್ಡಿನಲ್ಲಿ ಎಷ್ಟು ಚೆನ್ನಾಗಿ ಮಾತಾಡುತ್ತಾರೆ ಅಂತ ನಿಮಗೇ ಗೊತ್ತು. ಯಾರು ರಾತ್ರಿಯೆಲ್ಲ ನಿದ್ದೆ ಮಾಡಲಿಲ್ಲ, ಯಾರ ಮಗ ದುಡ್ಡಿಲ್ಲದೆ ಮಾತ್ರೆ ತರಲಿಲ್ಲ, ಯಾರ ಬೆನ್ನಿನ ಮೇಲೆ ಕೆಂಪು ಮೂಡುತ್ತಿದೆ, ಎಲ್ಲ ಅವರಿಗೆ ಗೊತ್ತಿರುತ್ತದೆ. ಆದರೆ ಆ ಸಭಾಂಗಣದಲ್ಲಿ ಈ ತಿಳಿವಳಿಕೆ ಯಾರಿಗೂ ಬೇಕಾಗಿರಲಿಲ್ಲ. ಭಾಷಣ ಕೇಳೋಕೆ ಬಾಯಿ ಬೇಕಿಲ್ಲ, ಅಲ್ವಾ?

ವಿಶ್ವ ಆರೋಗ್ಯ ಸಂಸ್ಥೆ 2010ರಲ್ಲಿ ಈ ವಿಷಯಕ್ಕೇ ಒಂದು ಮಾರ್ಗದರ್ಶಿ ಹೊರತಂದಿತು. ಅದರ ಸಾರ ಇಷ್ಟು: ಎರಡು ಅಥವಾ ಜಾಸ್ತಿ ವೃತ್ತಿಯ ಮಕ್ಕಳು ಒಬ್ಬರ ಬಗ್ಗೆ ಒಬ್ಬರು ಕಲಿಯಬೇಕು, ಒಬ್ಬರಿಂದ ಒಬ್ಬರು ಕಲಿಯಬೇಕು, ಒಬ್ಬರ ಜೊತೆ ಒಬ್ಬರು ಕಲಿಯಬೇಕು. ಮೂರೂ ಬೇಕು. ನಿಮ್ಮ ಕಾರ್ಯಾಗಾರದಲ್ಲಿ ‘ಜೊತೆ’ ಇದ್ದದ್ದು ಕುರ್ಚಿಗಳಿಗೆ ಮಾತ್ರ. ನರ್ಸಿಂಗ್ ಹುಡುಗಿಯಿಂದ ಎಂಬಿಬಿಎಸ್ ಹುಡುಗ ಆ ದಿನ ಏನು ಕಲಿತ ಅಂತ ಕೇಳಿ ನೋಡಿ. ಉತ್ತರ ಇರುವುದಿಲ್ಲ. ಇದು ನಿಮ್ಮೊಬ್ಬರ ತಪ್ಪಲ್ಲ. ಶುರು ಮಾಡುವವರೆಲ್ಲ ಮೊದಲು ಮಾಡುವುದು ಇದನ್ನೇ. ನಾನೂ ಇದನ್ನೇ ಮಾಡಿದ್ದೆ.

ನಾನು ಈ ಕೆಲಸದ ಹಿಂದೆ ಬೀಳಲು ಒಬ್ಬ ಅಜ್ಜಿ ಕಾರಣ. ಅದನ್ನು ಮೊದಲು ಹೇಳುತ್ತೇನೆ. ನೀವು ಕೇಳಿದ್ದಕ್ಕೆ ಉತ್ತರ ಅದರಲ್ಲೇ ಇದೆ.

ಆಲೂರು ಕಡೆಯವರು. ಹಲವು ವರ್ಷಗಳ ಸಕ್ಕರೆ ಕಾಯಿಲೆ. ಮನೆಯಲ್ಲಿ ಸೊಸೆ ದಿನಾ ಎರಡು ಹೊತ್ತು ಇನ್ಸುಲಿನ್ ಚುಚ್ಚುತ್ತಿದ್ದಳು. ನಾನು ಆಗ ಕೆಲಸ ಮಾಡುತ್ತಿದ್ದ ಆಸ್ಪತ್ರೆಗೆ ಕಾಲಿನ ಗಾಯಕ್ಕೆ ಅಂತ ಸೇರಿದ್ದರು. ಗಾಯ ಮಾಗಿತು. ಮನೆಗೆ ಹೋಗುವಾಗ, ದಿನಕ್ಕೊಂದೇ ಸಲ ಚುಚ್ಚಿದರೆ ಸಾಕಾಗುವ ಇನ್ಸುಲಿನ್‌ಗೆ ಬದಲಾಯಿಸಿದೆ. ಚೀಟಿಯಲ್ಲಿ ಬರೆದೆ: ರಾತ್ರಿ 18 ಯೂನಿಟ್. ಔಷಧಿ ಅಂಗಡಿಯವರು ಸರಿಯಾದ ಬಾಟಲಿಯನ್ನೇ ಕೊಟ್ಟರು. ವಾರ್ಡಿನ ಸಿಸ್ಟರ್ ಸೊಸೆಗೆ ಚುಚ್ಚುವ ವಿಧಾನವನ್ನು ಮತ್ತೊಮ್ಮೆ ಹೇಳಿಕೊಟ್ಟರು. ಎಲ್ಲರ ಕೆಲಸವೂ ಸರಿಯಾಗಿಯೇ ಆಗಿತ್ತು.

ನಮ್ಮ ದೇಶದಲ್ಲಿ ಇನ್ಸುಲಿನ್ ಬಾಟಲಿ ಎರಡು ಬಗೆ ಅಂತ ನಿಮಗೆ ಗೊತ್ತೇ ಇದೆ. ಒಂದರಲ್ಲಿ ಪ್ರತಿ ಮಿಲಿಗೆ 40 ಯೂನಿಟ್, ಇನ್ನೊಂದರಲ್ಲಿ 100. ಸಿರಿಂಜೂ ಎರಡು ಬಗೆ. ಕೆಂಪು ಮುಚ್ಚಳದ್ದು 40ಕ್ಕೆ, ಕಿತ್ತಳೆ ಮುಚ್ಚಳದ್ದು 100ಕ್ಕೆ. ಅಜ್ಜಿಯ ಹಳೆಯ ಬಾಟಲಿ 40ರದ್ದು, ಹೊಸದು 100ರದ್ದು. ಮನೆಯ ಡಬ್ಬಿಯಲ್ಲಿ ಮಿಕ್ಕಿದ್ದು ಕೆಂಪು ಮುಚ್ಚಳದ ಸಿರಿಂಜುಗಳು. ಸೊಸೆ ಅದರಲ್ಲೇ 18ರ ಗೆರೆಯವರೆಗೆ ಎಳೆದಳು. ಅಂದರೆ 0.45 ಮಿಲಿ. ಹೊಸ ಬಾಟಲಿಯಲ್ಲಿ ಅದು 45 ಯೂನಿಟ್! ಬೆಳಗಿನ ಜಾವ ಅಜ್ಜಿ ಬೆವರಿನಲ್ಲಿ ತೊಯ್ದು, ಕರೆದರೆ ಓಗೊಡದ ಸ್ಥಿತಿಯಲ್ಲಿ ವಾಪಸ್ ಬಂದರು. ರಕ್ತದಲ್ಲಿ ಸಕ್ಕರೆ 34. ಗ್ಲೂಕೋಸ್ ಕೊಟ್ಟೆವು. ಕಣ್ಣು ಬಿಟ್ಟರು. ಬದುಕಿದರು.

ಆಮೇಲೆ ನಾವೆಲ್ಲ ಕೂತು ಎಲ್ಲಿ ತಪ್ಪಾಯಿತು ಅಂತ ಹುಡುಕಿದೆವು. ನಾನು ಎಷ್ಟು ಯೂನಿಟ್ ಅಂತ ಬರೆದಿದ್ದೆ, ಯಾವ ಸಿರಿಂಜು ಅಂತ ಬರೆದಿರಲಿಲ್ಲ. ಅಂಗಡಿಯವರು ‘ಸಿರಿಂಜ್ ಬೇಕಾ’ ಅಂತ ಕೇಳಿದ್ದಕ್ಕೆ ಸೊಸೆ ‘ಮನೆಯಲ್ಲಿದೆ’ ಅಂದಿದ್ದಳು. ಸಿಸ್ಟರ್ ಚುಚ್ಚುವುದನ್ನು ತೋರಿಸಿದ್ದು, ಸೊಸೆಯ ಕೈಚೀಲದಲ್ಲಿದ್ದ ಹಳೇ ಸಿರಿಂಜಿನಲ್ಲೇ. ಆ ಹೊತ್ತಿಗೆ ಹೊಸ ಬಾಟಲಿ ಅಂಗಡಿಯಿಂದ ಬಂದೇ ಇರಲಿಲ್ಲ. ಆಗ ಮೂಲೆಯಲ್ಲಿ ನಿಂತಿದ್ದ ಎರಡನೇ ವರ್ಷದ ನರ್ಸಿಂಗ್ ಹುಡುಗಿಯೊಬ್ಬಳು ಅಳೋಕೆ ಶುರು ಮಾಡಿದಳು. ಅಜ್ಜಿ ಹೊರಡುವಾಗ ಬಾಟಲಿಯ ಮೇಲಿನ 100 ಅನ್ನೋದನ್ನು ಅವಳು ಓದಿದ್ದಳು. ಕೈಚೀಲದಲ್ಲಿದ್ದ ಕೆಂಪು ಮುಚ್ಚಳವನ್ನೂ ನೋಡಿದ್ದಳು. ಹಿಂದಿನ ವಾರವಷ್ಟೇ ಕ್ಲಾಸಿನಲ್ಲಿ ಆ ಪಾಠ ಆಗಿತ್ತು.

ಯಾಕಮ್ಮ ಹೇಳಲಿಲ್ಲ ಅಂತ ಕೇಳಿದೆ.

“ಸರ್ ಬರೆದಿದ್ದಾರೆ, ಸಿಸ್ಟರ್ ಹೇಳಿಕೊಟ್ಟಿದ್ದಾರೆ. ಮಧ್ಯೆ ನಾನ್ಯಾರು ಕೇಳೋಕೆ ಅನ್ನಿಸ್ತು ಸರ್.”

ಅವಳನ್ನು ಬೈಯಲು ನನಗೆ ಬಾಯಿ ಬರಲಿಲ್ಲ. ‘ಸುಮ್ನಿರು’ ಅಂತ ಅವಳಿಗೆ ಯಾರೂ ಹೇಳಿರಲಿಲ್ಲ. ಆದರೆ ಮಾತಾಡಬಹುದು ಅಂತಲೂ ಯಾರೂ ಹೇಳಿರಲಿಲ್ಲ. ಎರಡು ವರ್ಷ ನಮ್ಮ ರೌಂಡ್ಸ್ ನೋಡಿ ನೋಡಿ ಅವಳು ತಾನಾಗೇ ಕಲಿತ ಪಾಠ ಅದು. ನಿಮ್ಮ ಸಭಾಂಗಣದ ಹಿಂದಿನ ಸಾಲಿನಲ್ಲಿ ಕೂತಿದ್ದವರೂ ಅವಳೇ.

ಈಗ ‘ಇದು ವಿದೇಶಕ್ಕೆ ಸರಿ’ ಅನ್ನುವ ಮಾತಿಗೆ ಬರೋಣ. ಈ ಕೆಲಸ ಮೊದಲು ಗಟ್ಟಿಯಾಗಿ ನಡೆದದ್ದು ಹೊರಗೆ ಅನ್ನೋದು ನಿಜ. ಬ್ರಿಟನ್ನಿನಲ್ಲಿ ಇದಕ್ಕಾಗಿಯೇ 1987ರಲ್ಲಿ ಒಂದು ಸಂಸ್ಥೆ ಹುಟ್ಟಿತು. ಸ್ವೀಡನ್ನಿನ ಲಿನ್‌ಶೋಪಿಂಗ್‌ನಲ್ಲಿ 1996ರಲ್ಲಿ ವಿದ್ಯಾರ್ಥಿಗಳದ್ದೇ ಒಂದು ತರಬೇತಿ ವಾರ್ಡ್ ತೆರೆದರು. ಮೆಡಿಕಲ್, ನರ್ಸಿಂಗ್, ಫಿಸಿಯೋಥೆರಪಿ ಮಕ್ಕಳು ಸೇರಿ ರೋಗಿಗಳನ್ನು ನೋಡಿಕೊಳ್ಳುತ್ತಾರೆ. ಹಿರಿಯರು ಹಿಂದೆ ನಿಂತಿರುತ್ತಾರೆ. ಅಮೆರಿಕದಲ್ಲಿ ತಜ್ಞರ ಸಮಿತಿಯೊಂದು 1999ರಲ್ಲಿ, ಆಸ್ಪತ್ರೆಗಳಲ್ಲಿ ಆಗುವ ತಪ್ಪುಗಳಿಂದ ವರ್ಷಕ್ಕೆ 44,000ದಿಂದ 98,000 ಜನ ಸಾಯುತ್ತಿರಬಹುದು ಅಂತ ಲೆಕ್ಕ ಕೊಟ್ಟಿತು. ಅಲ್ಲಿಂದಾಚೆ ಎಲ್ಲ ಕಡೆ ಎಚ್ಚರ ಹುಟ್ಟಿತು.

ಆದರೆ ಆಲೂರಿನ ಅಜ್ಜಿಯ ಕೈಚೀಲ ವಿದೇಶದ್ದಲ್ಲವಲ್ಲ. ನಮ್ಮಲ್ಲಿ ಇದರ ಅಗತ್ಯ ಇನ್ನೂ ಜಾಸ್ತಿ. ಅನುಕೂಲವೂ ಜಾಸ್ತಿ ಅಂದರೆ ನಂಬುತ್ತೀರಾ? 1996ರಲ್ಲಿ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯ ಬಂದ ಮೇಲೆ ಮೆಡಿಕಲ್, ನರ್ಸಿಂಗ್, ಫಾರ್ಮಸಿ, ಫಿಸಿಯೋಥೆರಪಿ, ಆಯುರ್ವೇದ ಎಲ್ಲ ಒಂದೇ ಸೂರಿನಡಿ ಇವೆ. ಹಾಸನದಂಥ ಊರಿನಲ್ಲಿ ಜಿಲ್ಲಾ ಆಸ್ಪತ್ರೆಯೇ ಬೋಧನಾ ಆಸ್ಪತ್ರೆ. ಬೇರೆ ಬೇರೆ ಸಮವಸ್ತ್ರದ ಮಕ್ಕಳು ಒಂದೇ ಹಾಸಿಗೆಯ ಸುತ್ತ ಹಾದುಹೋಗುತ್ತಾರೆ. ಎಂಟು ಗಂಟೆಗೆ ಒಂದು ಗುಂಪು ಬಂದು ಬಿಪಿ ನೋಡುತ್ತದೆ. ಒಂಬತ್ತಕ್ಕೆ ಇನ್ನೊಂದು ಗುಂಪು ಬಂದು ಅದೇ ರೋಗಿಗೆ ಅದೇ ಪ್ರಶ್ನೆ ಕೇಳುತ್ತದೆ. ಹತ್ತಕ್ಕೆ ಮತ್ತೊಂದು. ರೋಗಿಗೆ ಸಾಕುಸಾಕಾಗುತ್ತದೆ. ಮಕ್ಕಳು ಮಾತ್ರ ಒಬ್ಬರನ್ನೊಬ್ಬರು ಮಾತಾಡಿಸುವುದಿಲ್ಲ.

ಹಾಗಾಗಿ ನನ್ನ ಮೊದಲ ಸಲಹೆ: ಸಭಾಂಗಣ ಬಿಡಿ. ಒಬ್ಬ ರೋಗಿ, ಐದು ಮಕ್ಕಳು, ಎರಡು ಗಂಟೆ. ಅಷ್ಟರಿಂದ ಶುರು ಮಾಡಿ. ಇನ್ನೂರು ಮಕ್ಕಳಿಗೆ ಒಂದು ದಿನ ಮಾಡುವುದಕ್ಕಿಂತ ಐದೇ ಮಕ್ಕಳಿಗೆ ನಾಲ್ಕು ವಾರ ಮಾಡಿದರೆ ನಿಮಗೇ ವ್ಯತ್ಯಾಸ ಕಾಣುತ್ತದೆ.

ಅವರಿಗೆ ಕೊಡುವ ಕೆಲಸ ಎಂಥದ್ದಿರಬೇಕು ಅನ್ನೋದು ಮುಖ್ಯ. ಒಬ್ಬರೇ ಮಾಡಿ ಮುಗಿಸಲು ಆಗದ ಕೆಲಸ ಕೊಡಬೇಕು. ‘ಈ ಕೇಸ್ ಚರ್ಚಿಸಿ’ ಅಂದರೆ ಎಂಬಿಬಿಎಸ್ ಹುಡುಗ ರೋಗ ಯಾವುದು ಅಂತ ಹೇಳುತ್ತಾನೆ, ಉಳಿದವರು ತಲೆ ಆಡಿಸುತ್ತಾರೆ. ಅದು ಅವನ ಅಂಗಳ. ನನಗೆ ಚೆನ್ನಾಗಿ ಒದಗಿದ್ದು ‘ಮನೆಗೆ ಕಳಿಸುವ ಒಂದು ಪುಟ’. ರೋಗಿಯನ್ನು ಇನ್ನು ಮೂರು ದಿನದಲ್ಲಿ ಮನೆಗೆ ಕಳಿಸುತ್ತೇವೆ. ಮನೆಯವರು ಏನೇನು ಮಾಡಬೇಕು ಅನ್ನೋದು ಒಂದೇ ಪುಟದಲ್ಲಿ ಇರಬೇಕು. ಕನ್ನಡದಲ್ಲಿರಬೇಕು. ಮನೆಯಲ್ಲಿ ಓದುಬರಹ ಬರುವ ಒಬ್ಬರು ಓದಿದರೆ ಅರ್ಥವಾಗಬೇಕು.

ಒಂದು ಸಲ ಹೇಗೆ ನಡೆಯಿತು ಅಂತ ಹೇಳುತ್ತೇನೆ. ಸಕಲೇಶಪುರದ ಹತ್ತಿರದ ಕಾಫಿ ತೋಟದ ಲೈನ್ ಮನೆಯ ಒಬ್ಬ ಅಜ್ಜ. ಅರವತ್ತು ದಾಟಿದ ವಯಸ್ಸು. ಲಕ್ವ ಹೊಡೆದು ಎಡಗೈ, ಎಡಗಾಲು ಬಿದ್ದುಹೋಗಿತ್ತು. ಎಂಬಿಬಿಎಸ್ ಕೊನೆ ವರ್ಷದ ಹುಡುಗ ಮೊದಲು ಪೆನ್ನು ಹಿಡಿದ. ಬಿಪಿ ಮಾತ್ರೆ, ರಕ್ತ ತೆಳುವಾಗಿಸುವ ಮಾತ್ರೆ, ಕೊಬ್ಬಿನ ಮಾತ್ರೆ, ಹದಿನೈದು ದಿನಕ್ಕೆ ಬನ್ನಿ. ಐದು ನಿಮಿಷದಲ್ಲಿ ಮುಗಿಸಿದ. ಸರಿಯಾಗಿಯೇ ಇತ್ತು.

ನರ್ಸಿಂಗ್ ಹುಡುಗಿ ಮೆಲ್ಲಗೆ ಅಂದಳು: “ಅವರಿಗೆ ನುಂಗೋಕೆ ಕಷ್ಟ ಇದೆ. ನೀರು ಕುಡಿದರೆ ಕೆಮ್ತಾರೆ. ನಾವು ಮಾತ್ರೆ ಪುಡಿ ಮಾಡಿ ಕೊಡ್ತಿದ್ದೀವಿ.” ಹುಡುಗನಿಗೆ ಅದು ಗೊತ್ತಿರಲಿಲ್ಲ. ಅಷ್ಟರಲ್ಲಿ ಫಾರ್ಮಸಿ ಹುಡುಗ ಚೀಟಿ ಎಳೆದುಕೊಂಡು ನೋಡಿದ. “ಈ ಬಿಪಿ ಮಾತ್ರೆ ನಿಧಾನವಾಗಿ ಕರಗೋ ಥರದ್ದು. ಇದನ್ನ ಪುಡಿ ಮಾಡಬಾರದು. ಇಡೀ ದಿನದ ಔಷಧಿ ಒಂದೇ ಸಲ ಮೈಗೆ ಹೋಗುತ್ತೆ.” ಮೂವರೂ ಮುಖ ಮುಖ ನೋಡಿಕೊಂಡರು. ಒಬ್ಬನಿಗೆ ಗೊತ್ತಿದ್ದದ್ದು ಔಷಧಿ ಯಾಕೆ ಬೇಕು ಅಂತ. ಒಬ್ಬಳಿಗೆ ಗೊತ್ತಿದ್ದದ್ದು ಅದು ಗಂಟಲಲ್ಲಿ ಹೇಗೆ ಇಳಿಯುತ್ತಿದೆ ಅಂತ. ಇನ್ನೊಬ್ಬನಿಗೆ ಗೊತ್ತಿದ್ದದ್ದು ಮಾತ್ರೆಯ ಒಳಗೇನಿದೆ ಅಂತ. ಸುಮಾರು ಐದು ದಿನದಿಂದ ಈ ಮೂರೂ ತಿಳಿವಳಿಕೆ ಆ ವಾರ್ಡಿನಲ್ಲೇ ಓಡಾಡುತ್ತಿತ್ತು. ಒಂದಕ್ಕೊಂದು ಸಿಕ್ಕಿರಲಿಲ್ಲ. ಮಾತ್ರೆ ಆ ದಿನವೇ ಬದಲಾಯಿತು.

ಫಿಸಿಯೋಥೆರಪಿ ಹುಡುಗಿಯ ಪ್ರಶ್ನೆಗಳು ಬೇರೆಯೇ ಥರ. ಮನೆಯ ಹೊಸ್ತಿಲು ಎಷ್ಟು ಎತ್ತರ? ಕಕ್ಕಸು ಒಳಗಿದೆಯಾ, ಹೊರಗಾ? ಎಷ್ಟು ಮೆಟ್ಟಿಲು? ಮಳೆಗಾಲದಲ್ಲಿ ಆ ಮೆಟ್ಟಿಲು ಪಾಚಿ ಕಟ್ಟುತ್ತದಾ? ಏಳಿಸುವಾಗ ಯಾರೂ ಬಿದ್ದುಹೋದ ಕೈ ಹಿಡಿದು ಎಳೆಯಬಾರದು, ಭುಜ ಜಾರುತ್ತದೆ ಅಂತ ಹೇಳಿ, ಹೇಗೆ ಏಳಿಸಬೇಕು ಅನ್ನೋದನ್ನು ಮಗನ ಕೈಯಲ್ಲೇ ಮಾಡಿಸಿದಳು. ಎಂಬಿಬಿಎಸ್ ಹುಡುಗನೂ ಪಕ್ಕದಲ್ಲಿ ನಿಂತು ಕಲಿತ. ಆ ಘಳಿಗೆಯಲ್ಲಿ ಅವಳೇ ಗುರು.

ಕೊನೆಗೆ ನಾನು ಕೇಳಿದೆ, ‘ಅಜ್ಜನಿಗೆ ಏನು ಬೇಕು ಅಂತ ಯಾರಾದರೂ ಕೇಳಿದಿರಾ?’ ಯಾರೂ ಕೇಳಿರಲಿಲ್ಲ. ಹೋಗಿ ಕೇಳಿಕೊಂಡು ಬಂದರು. ಅಜ್ಜನಿಗೆ ಬೆಳಗ್ಗೆ ಹೊರಗೆ ಬಂದು ಜಗಲಿ ಮೇಲೆ ಕೂರಬೇಕು. ತೋಟಕ್ಕೆ ಹೋಗುವವರನ್ನು ಮಾತಾಡಿಸಬೇಕು. ಅಷ್ಟೇ. ಆ ಒಂದು ಪುಟದ ಮೊದಲ ಸಾಲು ಬದಲಾಯಿತು: “ಒಂದು ತಿಂಗಳೊಳಗೆ ಜಗಲಿವರೆಗೆ ನಡೆಸುವುದು.” ಉಳಿದದ್ದೆಲ್ಲ ಅದರ ಕೆಳಗೆ ಬಂತು. ರೋಗಿ ಮತ್ತು ಮನೆಯವರು ತಂಡದ ಒಳಗಿನವರು ಅಂತ ಪಾಠದಲ್ಲಿ ಬರುತ್ತದಲ್ಲ, ಅದು ಮಕ್ಕಳ ತಲೆಗೆ ಇಳಿದದ್ದು ಆ ಸಾಲು ಬರೆದಾಗ.

ಈ ಎರಡು ಗಂಟೆಯ ಶುರುವಿನಲ್ಲಿ ಹದಿನೈದು ನಿಮಿಷ ಒಂದು ಸಣ್ಣ ಆಟ ಆಡಿಸಿ. ಎಂಬಿಬಿಎಸ್ ಹುಡುಗ, ನರ್ಸ್ ಈ ರೋಗಿಗೆ ದಿನವಿಡೀ ಏನೇನು ಮಾಡುತ್ತಾರೆ ಅಂತ ಹೇಳಬೇಕು. ನರ್ಸಿಂಗ್ ಹುಡುಗಿ ತಿದ್ದಬೇಕು. ಆಮೇಲೆ ಅದಲು ಬದಲು. ‘ಬಿಪಿ ನೋಡ್ತಾರೆ, ಇಂಜೆಕ್ಷನ್ ಕೊಡ್ತಾರೆ’ ಅಂತ ಹೇಳಿ ಹುಡುಗ ನಿಲ್ಲುತ್ತಾನೆ. ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸುವುದು, ಮೂತ್ರದ ಲೆಕ್ಕ, ಬಾಯಿ ಸ್ವಚ್ಛ ಮಾಡುವುದು, ಮನೆಯವರಿಗೆ ಧೈರ್ಯ ಹೇಳುವುದು ಎಲ್ಲ ಅವಳ ಬಾಯಿಂದ ಬರುತ್ತದೆ. ಇದರಲ್ಲಿ ಅವಮಾನ ಯಾರಿಗೂ ಇಲ್ಲ. ಗೊತ್ತಿಲ್ಲದಿರುವುದು ಎಲ್ಲರಿಗೂ ಸಮ.

ಈಗ ಮಾತಾಡುವ ಅಭ್ಯಾಸದ ವಿಷಯ. ಇದನ್ನು ಬಿಡಿಯಾಗಿ ಕಲಿಸಲೇಬೇಕು. ತಾನಾಗೇ ಬರುವುದಿಲ್ಲ. ವಾರ್ಡಿನಿಂದ ಡ್ಯೂಟಿ ಡಾಕ್ಟರಿಗೆ ಫೋನ್ ಹೋಗುವುದನ್ನು ನೀವು ಕೇಳಿರುತ್ತೀರಿ. “ಸರ್, ಹನ್ನೆರಡನೇ ಬೆಡ್‌ನವರು ಸ್ವಲ್ಪ ಸುಸ್ತಾಗಿದ್ದಾರೆ.” “ಹೂಂ, ಬಿಪಿ ನೋಡಿರಿ, ಬರ್ತೀನಿ.” ಅಲ್ಲಿಗೆ ಮುಗಿಯಿತು. ಇವಳ ಮನಸ್ಸಿನಲ್ಲಿ ಗಾಬರಿ ಇದೆ, ಅವನ ಕಿವಿಗೆ ಬಿದ್ದದ್ದು ‘ಸ್ವಲ್ಪ ಸುಸ್ತು’.

ಅಮೆರಿಕದ ನೌಕಾಪಡೆಯ ಜಲಾಂತರ್ಗಾಮಿಗಳಲ್ಲಿ ಬಳಸುತ್ತಿದ್ದ ಮಾತಿನ ಒಂದು ಕ್ರಮವನ್ನು ಅಲ್ಲಿನ ಆಸ್ಪತ್ರೆಗಳು ಎರವಲು ಪಡೆದವು. ಎಸ್‌ಬಿಎಆರ್ ಅನ್ನುತ್ತಾರೆ. ನಾನು ಮಕ್ಕಳಿಗೆ ಕನ್ನಡದಲ್ಲಿ ನಾಲ್ಕು ಪ್ರಶ್ನೆಯಾಗಿ ಹೇಳಿಕೊಡುತ್ತೇನೆ: ಈಗ ಏನಾಗಿದೆ? ಹಿಂದೆ ಏನಿತ್ತು? ನನಗೇನನ್ನಿಸುತ್ತದೆ? ನಿಮ್ಮಿಂದ ಏನಾಗಬೇಕು? ಅದೇ ಫೋನ್ ಹೀಗಾಗುತ್ತದೆ:

“ಸರ್, ಹನ್ನೆರಡನೇ ಬೆಡ್‌ನವರಿಗೆ ಅರ್ಧ ಗಂಟೆಯಿಂದ ಉಸಿರಾಟ ಜಾಸ್ತಿಯಾಗಿದೆ, ನಿಮಿಷಕ್ಕೆ 32. ನಿನ್ನೆ ನ್ಯುಮೋನಿಯಾ ಅಂತ ಅಡ್ಮಿಟ್ ಆದವರು. ಬೆಳಗ್ಗೆ ಉಸಿರಾಟ 22 ಇತ್ತು, ಆಕ್ಸಿಜನ್ 94 ಇತ್ತು, ಈಗ 88. ಇವರು ಕೆಡ್ತಾ ಇದ್ದಾರೆ ಅಂತ ನನಗನ್ನಿಸ್ತಿದೆ. ನೀವು ಈಗಲೇ ಬರಬೇಕು. ಅಷ್ಟರಲ್ಲಿ ಆಕ್ಸಿಜನ್ ಜಾಸ್ತಿ ಮಾಡಲಾ?”

ಇದಕ್ಕೆ ಹಿಡಿಯುವುದು ಅರ್ಧ ನಿಮಿಷ. ಮೊದಲ ಎರಡು ಪ್ರಶ್ನೆಗೆ ನಿಮ್ಮ ಮಕ್ಕಳು ಸಲೀಸಾಗಿ ಉತ್ತರ ಹೇಳುತ್ತಾರೆ. ನಾಲಿಗೆ ತಡವರಿಸುವುದು ಮೂರು ಮತ್ತು ನಾಲ್ಕಕ್ಕೆ. ‘ನನಗೆ ಹೀಗನ್ನಿಸ್ತಿದೆ’, ‘ನೀವು ಬರಬೇಕು’ ಅಂತ ಡಾಕ್ಟರಿಗೆ ಹೇಳಿ ಅವರಿಗೆ ರೂಢಿಯೇ ಇಲ್ಲ. ಅದನ್ನು ಜೋರಾಗಿ, ಹತ್ತು ಸಲ, ಎದುರಿಗೆ ಎಂಬಿಬಿಎಸ್ ಹುಡುಗನನ್ನೇ ಕೂರಿಸಿ ಹೇಳಿಸಿ. ನರ್ಸಿಂಗ್ ಮಕ್ಕಳೇ ಒಬ್ಬರಿಗೊಬ್ಬರು ಹೇಳಿಕೊಂಡರೆ ಈ ಅಭ್ಯಾಸ ಆಗುವುದಿಲ್ಲ. ಭಯ ಇರುವ ಕಡೆಯೇ ಅಭ್ಯಾಸ ಆಗಬೇಕು.

ಪಾಠದ ಇನ್ನರ್ಧ ಎಂಬಿಬಿಎಸ್ ಮಕ್ಕಳದ್ದು. ಇದನ್ನು ಜಾಸ್ತಿ ಜನ ಮರೆಯುತ್ತಾರೆ. ಮಾತಾಡುವ ಧೈರ್ಯ ಕಲಿಸಿ, ಕೇಳಿಸಿಕೊಳ್ಳುವುದನ್ನು ಕಲಿಸದಿದ್ದರೆ ಆ ಹುಡುಗಿ ಒಂದು ಸಲ ಬೈಸಿಕೊಂಡು ಮತ್ತೆ ಬಾಯಿ ಮುಚ್ಚುತ್ತಾಳೆ. ನಾನು ಹೇಳಿಕೊಡುವುದು ಮೂರು ಹೆಜ್ಜೆ. ಮೊದಲು ‘ಹೇಳಿದ್ದು ಒಳ್ಳೇದಾಯ್ತು’ ಅನ್ನಿ. ಅವಳು ಹೇಳಿದ್ದನ್ನು ನಿಮ್ಮ ಬಾಯಲ್ಲಿ ತಿರುಗಿ ಹೇಳಿ. ಆಮೇಲೆ ಎದ್ದು ರೋಗಿಯ ಹತ್ತಿರ ಹೋಗಿ. ಅವಳು ಹೇಳಿದ್ದು ತಪ್ಪಾಗಿದ್ದರೂ ಈ ಮೂರೂ ಮಾಡಬೇಕು. ತಪ್ಪಿಗೆ ಬೈಗುಳ ಸಿಕ್ಕಿದರೆ ನಾಳೆ ಸರಿಯಾದ ಮಾತೂ ಬರುವುದಿಲ್ಲ.

ಮಕ್ಕಳಿಗೆ ಇದನ್ನು ಹೇಳುವಾಗ ನಾನು ಬಸ್ಸಿನ ಮಾತು ತೆಗೆಯುತ್ತೇನೆ. ಕೆಎಸ್‌ಆರ್‌ಟಿಸಿ ಬಸ್ಸನ್ನು ಇಕ್ಕಟ್ಟಿನಲ್ಲಿ ರಿವರ್ಸ್ ತೆಗೆಯುವಾಗ ಕಂಡಕ್ಟರ್ ಕೆಳಗಿಳಿದು ಹಿಂದೆ ನಿಲ್ಲುತ್ತಾರೆ. ‘ಬರ್ಲಿ, ಬರ್ಲಿ’ ಅನ್ನುತ್ತಿದ್ದವರು ಸೀಟಿ ಊದಿದರೆ ಡ್ರೈವರ್ ತಟ್ಟನೆ ಬ್ರೇಕ್ ಒತ್ತುತ್ತಾರೆ. ಡ್ರೈವರ್‌ಗೆ ಇಪ್ಪತ್ತು ವರ್ಷದ ಅನುಭವ ಇರಬಹುದು, ಕಂಡಕ್ಟರ್ ಮೊನ್ನೆ ಸೇರಿದವರಿರಬಹುದು. ‘ನನಗೇ ಹೇಳ್ತೀಯಾ’ ಅಂತ ಯಾರೂ ಕೇಳುವುದಿಲ್ಲ. ಹಿಂದೆ ನಿಂತವರಿಗೆ ಕಾಣುವುದು ಸ್ಟೀರಿಂಗ್ ಹಿಡಿದವರಿಗೆ ಕಾಣುವುದಿಲ್ಲ ಅಂತ ಇಬ್ಬರಿಗೂ ಗೊತ್ತು. ಮೊದಲು ನಿಲ್ಲಿಸುವುದು, ಆಮೇಲೆ ಯಾಕೆ ಅಂತ ಕೇಳುವುದು. ಶಿರಾಡಿ ಘಾಟಿಯಲ್ಲಿ ಓಡಾಡಿ ಬೆಳೆದ ಮಕ್ಕಳಿಗೆ ಇದಕ್ಕಿಂತ ಜಾಸ್ತಿ ವಿವರಣೆ ಬೇಕಾಗಿಲ್ಲ.

ಇಷ್ಟು ಸಣ್ಣ ಮಾತಿನಿಂದ ಏನಾಗುತ್ತದೆ ಅಂತ ಕೇಳುವವರಿಗೆ ಆಪರೇಷನ್ ಥಿಯೇಟರಿನ ಉದಾಹರಣೆ ಕೊಡಿ. ವಿಶ್ವ ಆರೋಗ್ಯ ಸಂಸ್ಥೆ 2008ರಲ್ಲಿ ಶಸ್ತ್ರಚಿಕಿತ್ಸೆಗೆ ಒಂದು ಪುಟದ ತಪಾಸಣಾ ಪಟ್ಟಿ ತಂದಿತು. ಕೊಯ್ಯುವ ಮೊದಲು ಅಲ್ಲಿರುವ ಎಲ್ಲರೂ ತಮ್ಮ ಹೆಸರು, ತಮ್ಮ ಕೆಲಸ ಹೇಳಿಕೊಳ್ಳಬೇಕು ಅನ್ನುವುದು ಅದರಲ್ಲಿ ಒಂದು ಅಂಶ. ದೆಹಲಿಯ ಒಂದು ಆಸ್ಪತ್ರೆಯೂ ಸೇರಿ ಎಂಟು ದೇಶಗಳ ಎಂಟು ಆಸ್ಪತ್ರೆಗಳಲ್ಲಿ ಅದನ್ನು ಬಳಸಿ ನೋಡಿದರು. 2009ರಲ್ಲಿ ಬಂದ ಫಲಿತಾಂಶದಲ್ಲಿ ಸಾವು ಶೇ 1.5ರಿಂದ ಶೇ 0.8ಕ್ಕೆ ಇಳಿದಿತ್ತು. ತೊಂದರೆಗಳು ಶೇ 11ರಿಂದ ಶೇ 7ಕ್ಕೆ ಇಳಿದಿದ್ದವು. ಹೆಸರು ಹೇಳಿಕೊಂಡದ್ದೊಂದರಿಂದಲೇ ಇದಾಯಿತು ಅಂತ ನಾನು ಹೇಳುವುದಿಲ್ಲ. ಪಟ್ಟಿಯಲ್ಲಿ ಬೇರೆ ಅಂಶಗಳೂ ಇವೆ. ಆದರೆ ಒಮ್ಮೆ ತನ್ನ ಹೆಸರು ಹೇಳಿದವರಿಗೆ ಎರಡನೇ ಸಲ ಬಾಯಿ ಬಿಡುವುದು ಸುಲಭ. ಇದನ್ನು ನಾನೇ ಕಂಡಿದ್ದೇನೆ.

ಮಾನಸಿಕ ಆರೋಗ್ಯದಲ್ಲೂ ಹೀಗೇ. ಅಮೆರಿಕದ 18 ಚಿಕಿತ್ಸಾಲಯಗಳಲ್ಲಿ 1801 ಹಿರಿಯ ಖಿನ್ನತೆ ರೋಗಿಗಳ ಮೇಲೆ ನಡೆದ ಅಧ್ಯಯನ 2002ರಲ್ಲಿ ಪ್ರಕಟವಾಯಿತು. ಮಾಮೂಲಿ ವೈದ್ಯರ ಜೊತೆ, ರೋಗಿಯನ್ನು ಬಿಡದೆ ವಿಚಾರಿಸಿಕೊಳ್ಳುವ ಒಬ್ಬ ನರ್ಸ್ ಅಥವಾ ಮನಶ್ಶಾಸ್ತ್ರಜ್ಞರು, ಹಿಂದಿನಿಂದ ಸಲಹೆ ಕೊಡುವ ಮನೋವೈದ್ಯರು. ಇದು ತಂಡ. ವರ್ಷದ ಕೊನೆಗೆ ಈ ತಂಡದ ಆರೈಕೆಯಲ್ಲಿದ್ದವರಲ್ಲಿ ಶೇ 45ರಷ್ಟು ಜನರಿಗೆ ಲಕ್ಷಣಗಳು ಅರ್ಧಕ್ಕೆ ಅಥವಾ ಅದಕ್ಕಿಂತ ಕೆಳಗೆ ಇಳಿದಿದ್ದವು. ಮಾಮೂಲಿ ಚಿಕಿತ್ಸೆಯಲ್ಲಿ ಶೇ 19. ಔಷಧಿಗಳೇನೂ ಹೊಸವಲ್ಲ. ಯಾರು ಫೋನ್ ಮಾಡಿ ವಿಚಾರಿಸಬೇಕು ಅನ್ನೋದು ಗೊತ್ತಿತ್ತು, ಅಷ್ಟೇ.

ನೇರವಾಗಿ ಇನ್ನೊಂದು ಮಾತು ಹೇಳಬೇಕು. ವಿದ್ಯಾರ್ಥಿಗಳಿಗೆ ಹೀಗೆ ಒಟ್ಟಿಗೆ ಕಲಿಸಿದರೆ ರೋಗಿಗೆ ಒಳ್ಳೆಯದಾಗಿಯೇ ತೀರುತ್ತದೆ ಅಂತ ಯಾರಿಗೂ ಭರವಸೆ ಕೊಡಬೇಡಿ. ಕಾಕ್ರೇನ್ ಅನ್ನುವುದು ಒಂದೇ ವಿಷಯದ ಅಧ್ಯಯನಗಳನ್ನು ಒಟ್ಟಿಗೆ ಪರಿಶೀಲಿಸುವ ಸಂಸ್ಥೆ. ಅದರ 2013ರ ವಿಮರ್ಶೆ, ಬೇರೆ ಬೇರೆ ಆರೋಗ್ಯ ವೃತ್ತಿಯವರಿಗೆ ಒಟ್ಟಿಗೆ ಕಲಿಸಿದ 15 ಅಧ್ಯಯನಗಳನ್ನು ತೂಗಿ ನೋಡಿತು. ಏಳರಲ್ಲಿ ಒಳ್ಳೆಯ ಫಲ, ನಾಲ್ಕರಲ್ಲಿ ಮಿಶ್ರ ಫಲ, ನಾಲ್ಕರಲ್ಲಿ ಏನೂ ಇಲ್ಲ. ಹಾಗಾಗಿ ಹೇಗೆ ಮಾಡುತ್ತೀರಿ ಅನ್ನೋದೇ ಎಲ್ಲ. ಸುಮ್ನೆ ಒಂದು ಕಡೆ ಕೂಡಿಹಾಕಿದರೆ ಕೆಲವೊಮ್ಮೆ ಇದ್ದ ಅಸಮಾಧಾನ ಇನ್ನೂ ಗಟ್ಟಿಯಾಗುತ್ತದೆ. ಗಾರ್ಡನ್ ಆಲ್‌ಪೋರ್ಟ್ ಅನ್ನುವ ಮನಶ್ಶಾಸ್ತ್ರಜ್ಞರು 1954ರಲ್ಲೇ ಇದನ್ನು ಹೇಳಿದ್ದರು. ಬೇರೆ ಬೇರೆ ಗುಂಪಿನವರು ಬೆರೆತಾಗ ಮನಸ್ಸಿನಲ್ಲಿರುವ ಪೂರ್ವಗ್ರಹ ಕಡಿಮೆಯಾಗಬೇಕಾದರೆ, ಆ ಜಾಗದಲ್ಲಿ ಇಬ್ಬರಿಗೂ ಸಮನಾದ ಸ್ಥಾನ ಇರಬೇಕು, ಗುರಿ ಒಂದೇ ಇರಬೇಕು, ಇಬ್ಬರೂ ಕೈ ಜೋಡಿಸಿದರೆ ಮಾತ್ರ ಅದು ಆಗುವಂತಿರಬೇಕು, ಮೇಲಿನವರ ಬೆಂಬಲ ಇರಬೇಕು.

ಈ ಸಮನಾದ ಸ್ಥಾನ ಅನ್ನೋದನ್ನು ಸಣ್ಣಸಣ್ಣ ವಿಷಯದಲ್ಲಿ ನೋಡಿಕೊಳ್ಳಿ. ಕೊನೆ ವರ್ಷದ ಎಂಬಿಬಿಎಸ್ ಮಕ್ಕಳ ಎದುರು ಮೊದಲ ವರ್ಷದ ನರ್ಸಿಂಗ್ ಮಕ್ಕಳನ್ನು ಕೂರಿಸಬೇಡಿ. ವಾರ್ಡಿನ ಅನುಭವ ಸರಿಸಮ ಇರುವವರನ್ನು ಆರಿಸಿ. ಕುರ್ಚಿ ದುಂಡಗೆ ಹಾಕಿಸಿ, ಸಾಲು ಬೇಡ. ಒಬ್ಬರಿಗೆ ‘ಡಾಕ್ಟರ್’, ಇನ್ನೊಬ್ಬರಿಗೆ ‘ಏ ಹುಡುಗಿ’ ಆಗಬಾರದು, ಎಲ್ಲರಿಗೂ ಹೆಸರು. ಮತ್ತೆ, ದಯವಿಟ್ಟು ಟೀ ತರಲು ನರ್ಸಿಂಗ್ ಮಕ್ಕಳನ್ನು ಕಳಿಸಬೇಡಿ. ಇದನ್ನು ನಾನು ಕಣ್ಣಾರೆ ನೋಡಿ ನೊಂದಿದ್ದೇನೆ. ತಂಡದ ಪಾಠ ನಡೆಯುತ್ತಿದ್ದಾಗಲೇ.

ಮೇಷ್ಟ್ರುಗಳ ವಿಷಯ ಎಲ್ಲಕ್ಕಿಂತ ಕಷ್ಟದ್ದು. ಬೆಳಗ್ಗೆ ಎರಡು ಗಂಟೆ ತಂಡದ ಪಾಠ ಮಾಡಿ, ಹನ್ನೊಂದಕ್ಕೆ ರೌಂಡ್ಸಿನಲ್ಲಿ ಹಿರಿಯ ವೈದ್ಯರು ಸಿಸ್ಟರನ್ನು ಎಲ್ಲರೆದುರು ಗದರಿದರೆ, ಮಕ್ಕಳು ಕಲಿಯುವುದು ಹನ್ನೊಂದು ಗಂಟೆಯ ಪಾಠವನ್ನೇ. ಆದ್ದರಿಂದ ಎಲ್ಲರನ್ನೂ ಒಪ್ಪಿಸಲು ಹೋಗಬೇಡಿ. ಮೆಡಿಸಿನ್ ಅಥವಾ ಸಮುದಾಯ ವೈದ್ಯಕೀಯ ವಿಭಾಗದಲ್ಲಿ ಒಬ್ಬರು ಸಿಕ್ಕೇ ಸಿಗುತ್ತಾರೆ, ಸಿಸ್ಟರ್ ಹೇಳುವುದನ್ನು ನಿಂತು ಕೇಳುವವರು. ಅವರನ್ನು ಹಿಡಿಯಿರಿ. ಪ್ರತಿ ಗುಂಪಿಗೂ ಇಬ್ಬರು ಶಿಕ್ಷಕರು, ಬೇರೆ ಬೇರೆ ವೃತ್ತಿಯವರು. ಕೊನೆಯ ಅರ್ಧ ಗಂಟೆ ‘ಏನು ಚೆನ್ನಾಗಾಯಿತು, ಎಲ್ಲಿ ಎಡವಿದೆವು’ ಅಂತ ಮಾತಾಡಿಸುತ್ತೀರಲ್ಲ, ಅದನ್ನು ನೀವು ನಡೆಸಿ, ಡಾಕ್ಟರ್ ಪಕ್ಕದಲ್ಲಿ ಕೂರಲಿ. ನೀವು ಡಾಕ್ಟರ ಮಾತನ್ನು ಮಕ್ಕಳೆದುರು ಗೌರವದಿಂದ ಒಪ್ಪದೇ ಇರುವುದನ್ನು, ಅವರು ನಗುತ್ತಾ ‘ಹೌದು, ನೀವು ಹೇಳೋದು ಸರಿ’ ಅನ್ನುವುದನ್ನು ಮಕ್ಕಳು ಒಮ್ಮೆಯಾದರೂ ನೋಡಬೇಕು.

ವೇಳಾಪಟ್ಟಿ ಕೂಡುವುದಿಲ್ಲ ಅನ್ನುವ ತಕರಾರು ಬಂದೇ ಬರುತ್ತದೆ. ನರ್ಸಿಂಗ್‌ಗೆ ಸೆಮಿಸ್ಟರ್, ಎಂಬಿಬಿಎಸ್‌ಗೆ ಬೇರೆ ಲೆಕ್ಕ. ಇಡೀ ವೇಳಾಪಟ್ಟಿ ಹೊಂದಿಸಲು ಕೂತರೆ ವರ್ಷ ಕಳೆಯುತ್ತದೆ. ಈಗಾಗಲೇ ಇರುವುದರಲ್ಲಿ ಸಂದು ಹುಡುಕಿ. 2019ರಿಂದ ಎಂಬಿಬಿಎಸ್‌ಗೆ ಹೊಸ ಪಠ್ಯಕ್ರಮ ಇದೆ. ನಡತೆ, ನೈತಿಕತೆ, ಸಂವಹನಕ್ಕೆ ಅಂತಲೇ ಅದರಲ್ಲಿ ಗಂಟೆಗಳಿವೆ. ಆ ಗಂಟೆಗಳನ್ನೇ ಕೇಳಿ. ಎಂಬಿಬಿಎಸ್ ಮಕ್ಕಳು ಹಳ್ಳಿಯ ಕುಟುಂಬಗಳನ್ನು ದತ್ತು ತೆಗೆದುಕೊಂಡು ಭೇಟಿ ಕೊಡುವ ಕಾರ್ಯಕ್ರಮವೂ ಇದೆ. ನಿಮ್ಮ ಮಕ್ಕಳಿಗೂ ಹಳ್ಳಿ ಪೋಸ್ಟಿಂಗ್ ಇದೆ. ಎರಡು ಬಸ್ಸು, ಎರಡು ದಿನ, ಬೇರೆ ಬೇರೆ ಊರು ಯಾಕೆ? ತಿಂಗಳಿಗೊಂದು ದಿನ ಒಂದೇ ಬಸ್ಸಿನಲ್ಲಿ ಒಂದೇ ಊರಿಗೆ ಹೋಗಿ.

ಹಳ್ಳಿಗೆ ಹೋದಾಗ ಆಶಾ ಕಾರ್ಯಕರ್ತೆಯನ್ನು ಅರ್ಧ ದಿನ ಮಕ್ಕಳಿಗೆ ಗುರುವಾಗಿ ಕೂರಿಸಿ. ಟಿಬಿ ರೋಗಿಯೊಬ್ಬರ ಮನೆ ಸಾಕು. ಆರು ತಿಂಗಳು ಬಿಡದೆ ಮಾತ್ರೆ ನುಂಗಬೇಕು. ಎರಡು ತಿಂಗಳಿಗೆ ಕೆಮ್ಮು ನಿಂತ ಮೇಲೆ ಅವರು ಮಾತ್ರೆ ಬಿಡದಂತೆ ನೋಡಿಕೊಂಡದ್ದು ಯಾರು? ಪೌಷ್ಟಿಕ ಆಹಾರಕ್ಕೆ ಸರ್ಕಾರ ತಿಂಗಳಿಗೆ ಕೊಡುವ 1,000 ರೂಪಾಯಿ ಖಾತೆಗೆ ಬಂತಾ ಅಂತ ವಿಚಾರಿಸಿದ್ದು ಯಾರು? ಮಕ್ಕಳು ಇದನ್ನು ಅವಳ ಬಾಯಿಂದಲೇ ಕೇಳಲಿ. ಹಾಸನದಲ್ಲಿ ತಣ್ಣೀರುಹಳ್ಳದ ಹತ್ತಿರ ಆಯುರ್ವೇದ ಕಾಲೇಜೂ ಇದೆಯಲ್ಲ, ಆ ಮಕ್ಕಳನ್ನೂ ಕರೆಯಿರಿ. ನಮ್ಮ ಕಡೆ ಎಷ್ಟೋ ಜನ ಮಾತ್ರೆಯ ಜೊತೆ ಕಷಾಯವನ್ನೂ ಕುಡಿಯುತ್ತಾರೆ. ಡಾಕ್ಟರಿಗೆ ಹೇಳಿದರೆ ಬೈತಾರೆ ಅಂತ ಹೇಳುವುದಿಲ್ಲ.

ಅಂಕದ ವಿಷಯ ಚಿಕ್ಕದಾಗಿ ಹೇಳಿಬಿಡುತ್ತೇನೆ. ಇಂಟರ್ನಲ್ಸ್‌ನಲ್ಲಿ ಹತ್ತು ಅಂಕವಾದರೂ ಇಡಿ, ಮತ್ತು ಅದನ್ನು ಇಡೀ ಗುಂಪಿಗೆ ಒಂದೇ ಅಂಕ ಮಾಡಿ. ‘ಕಾರ್ಯಕ್ರಮ ಇಷ್ಟವಾಯಿತೇ’ ಅನ್ನುವ ಫಾರಂ ತುಂಬಿಸಿಕೊಂಡು ತೃಪ್ತಿಪಡಬೇಡಿ. ಅದರಲ್ಲಿ ಎಲ್ಲರೂ ‘ತುಂಬಾ ಚೆನ್ನಾಗಿತ್ತು’ ಅಂತಲೇ ಬರೆಯುತ್ತಾರೆ. ಅದರ ಬದಲು ಆ ಒಂದು ಪುಟವನ್ನು ಮನೆಯವರ ಕೈಗೆ ಕೊಟ್ಟು ಓದಿಸಿ, ‘ಈಗ ನೀವು ಏನು ಮಾಡ್ತೀರಿ, ತೋರಿಸಿ’ ಅನ್ನಿ. ಇನ್ಸುಲಿನ್ ಆದರೆ ಸಿರಿಂಜು ಕೈಗೆ ಕೊಟ್ಟು ಎಳೆಯಲು ಹೇಳಿ. ಅಂಕ ಅಲ್ಲಿ ಸಿಗಲಿ.

ಮುಂದಿನ ವಾರ ಒಂದು ಮಧ್ಯಾಹ್ನ ಬಿಡುವು ಮಾಡಿಕೊಳ್ಳಿ. ಹಿಂದಿನ ಸಾಲಿನಲ್ಲಿ ಕೂತಿದ್ದವರಲ್ಲಿ ಇಬ್ಬರು, ಮುಂದಿನ ಸಾಲಿನಲ್ಲಿ ಪ್ರಶ್ನೆ ಕೇಳಿದವರಲ್ಲಿ ಒಬ್ಬ, ಊಟಕ್ಕೆ ಹೋಗಿ ವಾಪಸ್ ಬರದ ಫಾರ್ಮಸಿಯವರಲ್ಲಿ ಒಬ್ಬ, ಫಿಸಿಯೋಥೆರಪಿಯ ಒಬ್ಬರು. ಎರಡು ಮೂರು ದಿನದಲ್ಲಿ ಮನೆಗೆ ಹೋಗಲಿರುವ ಒಬ್ಬ ರೋಗಿಯನ್ನು ಒಪ್ಪಿಗೆ ಕೇಳಿ ಆರಿಸಿಕೊಳ್ಳಿ. ಪೆನ್ನು ಮೊದಲು ಹಿಂದಿನ ಸಾಲಿನವಳ ಕೈಗೆ ಕೊಡಿ. ಅವರು ಬರೆದ ಪುಟದ ಒಂದು ಪ್ರತಿಯನ್ನು, ರೋಗಿಯ ಹೆಸರು ತೆಗೆದು, ನನಗೆ ಕಳಿಸಿ. ಮನೆಯವರಿಗೆ ಅದು ಓದಿ ಅರ್ಥವಾಯಿತಾ, ಇಲ್ಲವಾ ಅನ್ನೋದನ್ನೂ ಬರೆಯಿರಿ.